‘ಇಲ್ಲ’ ಎಂದು ನಾನು ಬರೆದಿದ್ದ ರಂಧ್ರ

"ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ ಇಲ್ಲ. ಹೃದಯದ ಬಲಭಾಗ ಸ್ವಲ್ಪ ದೊಡ್ಡದಾಗಿದೆ. ಒಂದು ವರ್ಷ ಬಿಟ್ಟು ಮತ್ತೆ ತೋರಿಸಿ."

ನಾಲ್ಕು ವರ್ಷ ಮೂರು ತಿಂಗಳ ಹುಡುಗಿಯೊಬ್ಬಳ ಎಕೋ (ಸದ್ದಿನಿಂದ ಹೃದಯ ನೋಡುವ ಸ್ಕ್ಯಾನ್) ವರದಿಯಲ್ಲಿ ಈ ಮೂರು ಸಾಲುಗಳಿದ್ದವು. ಬರೆದವಳು ನಾನು. ಎರಡನೇ ಸಾಲು ನಿಜ. ಮೊದಲನೇ ಸಾಲು ತಪ್ಪು. ಎರಡನೇ ಸಾಲು ಬರೆದ ಮೇಲೆ ಮೊದಲನೇ ಸಾಲನ್ನು ಅಷ್ಟು ಧೈರ್ಯವಾಗಿ ಬರೆಯಲೇಬಾರದಿತ್ತು. ಯಾಕೆ ಅಂತ ಇಲ್ಲಿ ಪೂರ್ತಿಯಾಗಿ ಹೇಳುತ್ತೇನೆ. ಮಗುವಿನ ಮನೆಯವರು ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯುತ್ತೇನೆ.

ಪುಟ್ಟಿಯದು ಮಂಡ್ಯ ಕಡೆಯ ಹಳ್ಳಿ. ಅಪ್ಪನಿಗೆ ಒಂದಿಷ್ಟು ಗದ್ದೆ, ಒಂದಿಷ್ಟು ಕಬ್ಬು. ಅಂಗನವಾಡಿಗೆ ಆರೋಗ್ಯ ತಪಾಸಣೆಯ ತಂಡ ಬಂದಿತ್ತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಈ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು. ಆ ತಂಡದ ವೈದ್ಯರು ಪುಟ್ಟಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಒಂದು ಮರ್ಮರ್ ಕೇಳಿಸಿಕೊಂಡರು. ಎದೆಬಡಿತದ ನಡುವೆ ಕೇಳುವ ಹೆಚ್ಚುವರಿ ಸದ್ದು ಅದು. ಚೀಟಿ ಬರೆದು ನಮ್ಮಲ್ಲಿಗೆ ಕಳಿಸಿದರು. ಇಡೀ ಪ್ರಕರಣದಲ್ಲಿ ಮೊದಲ ಸರಿಯಾದ ಕೆಲಸ ಮಾಡಿದವರು ಅವರೇ. ಗದ್ದಲದ ಅಂಗನವಾಡಿಯಲ್ಲಿ, ಓಡಾಡುವ ಮಕ್ಕಳ ನಡುವೆ, ಅಷ್ಟು ಮೆಲ್ಲಗಿನ ಸದ್ದನ್ನು ಹಿಡಿಯುವುದು ಸುಮ್ನೆ ಆಗುವ ಕೆಲಸವಲ್ಲ.

ಬಂದಾಗ ಪುಟ್ಟಿ 13 ಕೆ.ಜಿ. ಇದ್ದಳು. ವಯಸ್ಸಿಗೆ ಕಡಿಮೆ. ಹಿಂದಿನ ಒಂದು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗಿತ್ತು. ತುಟಿ, ಉಗುರು ನೀಲಿಯಾಗಿರಲಿಲ್ಲ. ಬೆರಳಿಗೆ ಹಾಕಿದ ಕ್ಲಿಪ್ಪು ಆಮ್ಲಜನಕ 98 ಅಂತ ತೋರಿಸಿತು. ಆಟ ಆಡುತ್ತಾಳಾ ಅಂತ ಕೇಳಿದರೆ ಅಜ್ಜಿ, "ಆಡ್ತಾಳೆ ಕಣವ್ವ, ಆದ್ರೆ ಬ್ಯಾಗ ಕೂತ್ಕಬುಡ್ತಾಳೆ" ಅಂದರು. ಆ ಮಾತು ನನ್ನ ಕಿವಿಗೆ ಬಿತ್ತು. ಅದನ್ನು ಬರೆದುಕೊಂಡೆ ಕೂಡ. ಅಷ್ಟೇ ಮಾಡಿದ್ದು.

ಮೊದಲ ದಿನ

ಮಧ್ಯಾಹ್ನ ಎರಡು ಗಂಟೆ. ಹೊರಗೆ ಇನ್ನೂ ಜಾಸ್ತಿ ಮಕ್ಕಳು ಕಾಯುತ್ತಿದ್ದರು. ದೂರದಿಂದ ಬಂದವರು, ವಾಪಸ್ ಬಸ್ ಹಿಡಿಯಬೇಕಾದವರು. ಪುಟ್ಟಿ ಆಗಷ್ಟೇ ಚಿತ್ರಾನ್ನ ತಿಂದು ಬಂದಿದ್ದಳು. ಕೋಣೆಯ ಕತ್ತಲೆ ನೋಡಿ ಹೆದರಿದಳು. ಜೆಲ್ ಹಚ್ಚಿದ್ದೇ ತಡ, ತಣ್ಣಗಾಗಿ ಕಿರುಚಿದಳು. ಎದೆಯ ಎಡಭಾಗದಲ್ಲಿ ಪ್ರೋಬ್, ಅಂದರೆ ಎಕೋ ಯಂತ್ರದ ಕೈಯಲ್ಲಿ ಹಿಡಿಯುವ ತುದಿ, ಇಡಲು ಹೇಗೋ ಬಿಟ್ಟಳು. ಹೊಟ್ಟೆಯ ಮೇಲೆ ಇಡಲು ಹೋದಾಗ ಮಾತ್ರ ಎರಡೂ ಕೈಯಲ್ಲಿ ನನ್ನ ಕೈ ತಳ್ಳಿದಳು. ಎರಡು ಸಲ ಪ್ರಯತ್ನಿಸಿ ಬಿಟ್ಟೆ.

ಆ ಬಿಟ್ಟ ಜಾಗದಲ್ಲೇ ಉತ್ತರ ಇತ್ತು. ಅದು ಅರ್ಥವಾಗಬೇಕಾದರೆ ಎಕೋ ಹೇಗೆ ನೋಡುತ್ತದೆ ಅಂತ ಸ್ವಲ್ಪ ಹೇಳಬೇಕು.

ಎಕೋ ಅಂದರೆ ಫೋಟೋ ಅಲ್ಲ. ಪ್ರೋಬ್ ನಮ್ಮ ಕಿವಿಗೆ ಕೇಳದ ಸದ್ದನ್ನು ದೇಹದೊಳಕ್ಕೆ ಕಳಿಸುತ್ತದೆ. ಮೆತ್ತಗಿನ ಅಂಗಾಂಶದಲ್ಲಿ ಆ ಸದ್ದು ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಗೋಡೆಯೋ ಕವಾಟವೋ ಅಡ್ಡ ಸಿಕ್ಕರೆ ತಾಗಿ ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದರ ಮೇಲೆ ಯಂತ್ರ ದೂರ ಲೆಕ್ಕ ಹಾಕಿ ಚುಕ್ಕಿ ಇಡುತ್ತದೆ. ಸದ್ದು ಗೋಡೆಗೆ ನೇರವಾಗಿ ಅಡ್ಡ ಬಡಿದರೆ ಗೋಡೆ ಚೆನ್ನಾಗಿ ಹೊಳೆಯುತ್ತದೆ. ಗೋಡೆಯ ಪಕ್ಕದಲ್ಲೇ ಉದ್ದಕ್ಕೆ ಹೋದರೆ ವಾಪಸ್ ಬರುವುದು ಏನೂ ಇರುವುದಿಲ್ಲ. ಇರುವ ಗೋಡೆ ಇಲ್ಲದ ಹಾಗೆ ಕಾಣುತ್ತದೆ.

ಎದೆಯ ಎಡಗಡೆ ತುದಿಯಿಂದ ನೋಡಿದರೆ ನಾಲ್ಕು ಕೋಣೆಗಳೂ ಒಟ್ಟಿಗೆ ಕಾಣುತ್ತವೆ. ಎಲ್ಲರೂ ಇಷ್ಟಪಡುವ ನೋಟ ಅದು. ಆದರೆ ಅಲ್ಲಿಂದ ಹೊರಟ ಸದ್ದು ಮೇಲಿನ ಕೋಣೆಗಳ ನಡುವಿನ ಗೋಡೆಗೆ ಸಮಾನಾಂತರವಾಗಿ ಓಡುತ್ತದೆ. ಆ ಗೋಡೆಯ ನಡುಭಾಗ ಮೊದಲೇ ತೆಳು. ಹಾಗಾಗಿ ಅಲ್ಲಿ ಎಷ್ಟೋ ಸಲ ಇಲ್ಲದ ರಂಧ್ರ ಕಾಣುತ್ತದೆ. ಅಷ್ಟರಿಂದಲೇ ‘ಹಾರ್ಟಲ್ಲಿ ಹೋಲ್’ ಅನ್ನಿಸಿಕೊಂಡು ಅಳುತ್ತಾ ಬರುವ ತಾಯಂದಿರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಹುಟ್ಟಿದ ಕೂಸಿನಲ್ಲಿ ಆ ಗೋಡೆಯ ಚಿಕ್ಕ ಕಿಂಡಿ ಸ್ವಲ್ಪ ತೆರೆದಿರುವುದು ಸಹಜ. ಗರ್ಭದಲ್ಲಿ ಅದು ಬೇಕೇ ಬೇಕು. ದೊಡ್ಡವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟಿರುವುದಿಲ್ಲ. ಇದನ್ನು ಹೇಳಿದಾಗ ಅವರ ಮುಖ ಬೆಳಗುವುದು ನೋಡಬೇಕು.

ಪುಟ್ಟಿಯಲ್ಲಿ ಆದದ್ದು ಇದರ ಉಲ್ಟಾ. ಎದೆಯ ಕಿಟಕಿಗಳಿಂದ, ಅಂದರೆ ಎದೆಯ ಮೇಲೆ ಪ್ರೋಬ್ ಇಟ್ಟು ನೋಡುವ ಜಾಗಗಳಿಂದ, ನೋಡಿದೆ. ಗೋಡೆಯ ನಡುಭಾಗ ಚೆನ್ನಾಗಿತ್ತು. ಕೆಳಭಾಗ, ಕವಾಟಗಳ ಹತ್ತಿರದ್ದು, ಚೆನ್ನಾಗಿತ್ತು. ಕೆಳಗಿನ ಕೋಣೆಗಳ ನಡುವಿನ ದಪ್ಪ ಗೋಡೆಯಲ್ಲೂ ತೂತು ಇರಲಿಲ್ಲ. ಅಲ್ಲಿ ತೂತಿದ್ದರೆ ಸಾಮಾನ್ಯವಾಗಿ ತಾನೇ ಕೂಗಿ ಹೇಳುತ್ತದೆ. ಎಡಗಡೆ ಒತ್ತಡ ಜಾಸ್ತಿ, ಬಲಗಡೆ ಕಡಿಮೆ. ರಕ್ತ ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಚಿಮ್ಮಿ, ರಕ್ತದ ಹರಿವು ತೋರಿಸುವ ಬಣ್ಣದ ಎಕೋದಲ್ಲಿ ಬೆಂಕಿಯ ಹಾಗೆ ಕಾಣುತ್ತದೆ. ಮೇಲಿನ ಕೋಣೆಗಳ ನಡುವೆ ಒತ್ತಡದ ವ್ಯತ್ಯಾಸ ತುಂಬಾ ಸಣ್ಣದು. ಅಲ್ಲಿ ರಕ್ತ ಸದ್ದಿಲ್ಲದೆ ಸರಿಯುತ್ತದೆ. ಹುಡುಕಿದರೆ ಮಾತ್ರ ಸಿಗುತ್ತದೆ.

ಇಸಿಜಿ ಕೂಡ ಮಾಡಿದ್ದೆವು. ಯಂತ್ರವೇ ಮೇಲೆ ಒಂದು ಸಾಲು ಅಚ್ಚು ಹಾಕಿತ್ತು: ಬಲಗಡೆಯ ವಿದ್ಯುತ್ ದಾರಿಯಲ್ಲಿ ಸಣ್ಣ ತಡ. ಆರೋಗ್ಯವಂತ ಮಕ್ಕಳಲ್ಲೂ ಇದು ಸಿಗುತ್ತದೆ ಅಂತ ಪಕ್ಕಕ್ಕಿಟ್ಟೆ. ಬಲಗಡೆಯ ಕೆಳಕೋಣೆ ದೊಡ್ಡದಿದೆ ಅನ್ನುವುದು ಕಣ್ಣಿಗೆ ಕಂಡಿತ್ತು. ಅಳುತ್ತಿರುವ ಮಗುವಿನಲ್ಲಿ ಅಳತೆ ಹೆಚ್ಚು ಕಡಿಮೆ ಆಗಿರಬಹುದು ಅಂದುಕೊಂಡೆ. ‘ಇಲ್ಲ’ ಅಂತ ಬರೆದೆ. ಅವರು ಕೈ ಮುಗಿದು ಹೋದರು.

ಎರಡನೇ ಸಲ

ಒಂಬತ್ತು ತಿಂಗಳಿಗೆ ಪುಟ್ಟಿ ವಾಪಸ್ ಬಂದಳು. ನಾನು ಹೇಳಿದ ಒಂದು ವರ್ಷ ಇನ್ನೂ ಆಗಿರಲಿಲ್ಲ. ಮೂರನೇ ಸಲ ನ್ಯುಮೋನಿಯಾ ಆಗಿ ಬೇರೆ ಕಡೆ ಐದು ದಿನ ಮಲಗಿ ಬಂದಿದ್ದಳು. ತೂಕ 13.6 ಕೆ.ಜಿ. ಒಂಬತ್ತು ತಿಂಗಳಿಗೆ 600 ಗ್ರಾಂ ಮಾತ್ರ.

ಈ ಸಲ ಮೊದಲು ಸ್ಟೆತಾಸ್ಕೋಪ್ ಇಟ್ಟು ಸುಮ್ಮನೆ ಕೂತೆ. ಹೃದಯದ ಎರಡನೇ ಸದ್ದು ಎರಡು ಕವಾಟ ಮುಚ್ಚುವ ಸದ್ದು. ಉಸಿರು ಎಳೆದುಕೊಂಡಾಗ ಅದು ಎರಡಾಗಿ ಒಡೆಯುತ್ತದೆ, ಬಿಟ್ಟಾಗ ಕೂಡಿಕೊಳ್ಳುತ್ತದೆ. ಪುಟ್ಟಿಯಲ್ಲಿ ಉಸಿರು ಎಳೆದರೂ ಬಿಟ್ಟರೂ ಒಡಕು ಹಾಗೇ ನಿಂತಿತ್ತು. ಮೇಲಿನ ಗೋಡೆಯ ರಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಕಡಿಮೆ. ಒಂಬತ್ತು ತಿಂಗಳ ಹಿಂದೆಯೂ ಇದು ಇದ್ದಿರಲೇಬೇಕು. ಅಳುವ ಮಗುವಿನಲ್ಲಿ ನನಗೆ ಕೇಳಿರಲಿಲ್ಲ, ನಾನು ಕಾಯಲೂ ಇಲ್ಲ.

ಇನ್ನೊಂದು ಸುಳಿವು ಕೊಟ್ಟವರು ನಮ್ಮ ಇಸಿಜಿ ತೆಗೆಯುವ ಸಿಸ್ಟರ್. "ಮೇಡಂ, ಮೂರನೇ ಲೀಡಲ್ಲಿ ಪಿ ಅಲೆ ತಲೆಕೆಳಗಾಗಿದೆ, ವಯರ್ ಸರಿಯಾಗೇ ಹಾಕಿದ್ದೆ" ಅಂದರು. ಪಿ ಅಲೆ ಅಂದರೆ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಹರಡುವಾಗ ಇಸಿಜಿಯಲ್ಲಿ ಬರುವ ಸಣ್ಣ ಉಬ್ಬು. ಹಳೆಯ ಇಸಿಜಿ ತೆಗೆದು ನೋಡಿದರೆ ಅದರಲ್ಲೂ ಹಾಗೇ ಇತ್ತು. ಹೃದಯದ ಬಡಿತ ಹುಟ್ಟುವ ಜಾಗ ಬಲ ಮೇಲಿನ ಕೋಣೆಯ ತಲೆಯ ಹತ್ತಿರ, ತಲೆ, ಕೈಗಳಿಂದ ರಕ್ತ ತರುವ ಮೇಲಿನ ಮಹಾಸಿರೆ ಬಂದು ಸೇರುವ ಕಡೆ. ರಂಧ್ರ ಸರಿಯಾಗಿ ಅಲ್ಲೇ ಇದ್ದರೆ ಬಡಿತ ಬೇರೆ ಕಡೆಯಿಂದ, ಕೆಳಗಿನಿಂದ ಹುಟ್ಟಬಹುದು. ಆಗ ಪಿ ಅಲೆ ತಿರುಗುತ್ತದೆ. ಎಲ್ಲಿ ಹುಡುಕಬೇಕು ಅನ್ನುವುದನ್ನು ಒಂದು ಕಾಗದದ ಚೂರು ಹೇಳುತ್ತಿತ್ತು.

ಮರುದಿನ ಬೆಳಗ್ಗೆ ಮೊದಲ ಮಗುವಾಗಿ ಪುಟ್ಟಿಯನ್ನು ಕರೆಸಿದೆ. ಮೂರು ಗಂಟೆಗಳಿಂದ ಏನೂ ತಿಂದಿರಲಿಲ್ಲ. ಅಪ್ಪ ಮಂಚದ ಮೇಲೆ ಪಕ್ಕದಲ್ಲೇ ಕೂತರು. ಮೊಬೈಲಲ್ಲಿ ಕಾರ್ಟೂನು ಓಡುತ್ತಿತ್ತು. ಜೆಲ್ ಬಾಟಲಿಯನ್ನು ಮೊದಲೇ ಬಿಸಿನೀರಿನಲ್ಲಿ ಇಟ್ಟಿದ್ದೆವು. ಮೊದಲು ಅವಳ ಕೈಮೇಲೆ, ಆಮೇಲೆ ಅಪ್ಪನ ಕೈಮೇಲೆ, ಆಮೇಲೆ ಹೊಟ್ಟೆಯ ಮೇಲೆ. ಮಂಡಿ ಮಡಚಿಸಿದರೆ ಹೊಟ್ಟೆ ಸಡಿಲ ಆಗುತ್ತದೆ. ನಿದ್ದೆ ಔಷಧಿ ಬೇಕಾಗಲಿಲ್ಲ.

ಎದೆಮೂಳೆ ಮುಗಿಯುವ ಕಡೆ, ಹೊಟ್ಟೆಯ ಮೇಲ್ಭಾಗದಲ್ಲಿ ಪ್ರೋಬ್ ಇಟ್ಟರೆ ಸದ್ದು ಲಿವರ್ ಮೂಲಕ ಹೃದಯಕ್ಕೆ ಹೋಗುತ್ತದೆ. ಲಿವರ್ ಒಳ್ಳೆಯ ಕಿಟಕಿ. ಅಲ್ಲಿಂದ ಹೋದ ಸದ್ದು ಮೇಲಿನ ಕೋಣೆಗಳ ಗೋಡೆಗೆ ಅಡ್ಡ ಬಡಿಯುತ್ತದೆ. ಪ್ರೋಬನ್ನು ಉದ್ದಕ್ಕೆ ತಿರುಗಿಸಿದರೆ ಒಂದೇ ನೋಟದಲ್ಲಿ ಮೇಲಿನ ಮಹಾಸಿರೆ, ಕೆಳಗಿನ ಮಹಾಸಿರೆ, ನಡುವೆ ಬಲ ಮೇಲಿನ ಕೋಣೆ, ಅದರ ಹಿಂದೆ ಎಡ ಮೇಲಿನ ಕೋಣೆ. ಮಹಾಸಿರೆಯ ಬೆನ್ನಿಗೆ ಒಂದು ದುಂಡು ಕಾಣುತ್ತದೆ. ಅದು ಬಲ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ, ಅಡ್ಡ ಕತ್ತರಿಸಿದ ಹಾಗೆ. ಆ ದುಂಡಿನ ಕೆಳಗೇ ನೋಡಬೇಕು.

ಅಲ್ಲಿ ಗೋಡೆ ಇರಲಿಲ್ಲ.

11 ಮಿ.ಮೀ. ಅಂತರ. ಎರಡೂ ಅಂಚು ಗಟ್ಟಿಯಾಗಿ ಹೊಳೆಯುತ್ತಿದ್ದವು. ಸದ್ದು ತಪ್ಪಿ ಕಾಣುವ ಸುಳ್ಳು ರಂಧ್ರದ ಅಂಚು ಹೀಗಿರುವುದಿಲ್ಲ, ಮಸುಕಾಗಿ ಕರಗಿಹೋಗುತ್ತದೆ. ಬಣ್ಣ ಹಾಕಿದೆ. ಮೊದಲು ಏನೂ ಕಾಣಲಿಲ್ಲ. ಯಂತ್ರದ ಬಣ್ಣದ ಮಿತಿ ಜೋರು ಹರಿವಿಗೆ ಹೊಂದಿಸಿತ್ತು. ಸೆಕೆಂಡಿಗೆ 35 ಸೆಂ.ಮೀ.ಗೆ ಇಳಿಸಿದ ಕೂಡಲೇ ಎಡಗಡೆಯಿಂದ ಬಲಗಡೆಗೆ ಅಗಲವಾದ ಹರಿವು ತುಂಬಿಕೊಂಡಿತು. ಮೊದಲ ದಿನ ನಾನು ಆ ಗುಂಡಿಯನ್ನು ಮುಟ್ಟಿರಲಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಪರದೆಯಲ್ಲಿ ನೀಲಿ ಕಂಡರೆ ಮನೆಯವರು ‘ಕೆಟ್ಟ ರಕ್ತ’ ಅಂದುಕೊಂಡು ಹೆದರುತ್ತಾರೆ. ಹಾಗಲ್ಲ. ಪ್ರೋಬ್ ಕಡೆಗೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವುದಕ್ಕೆ ನೀಲಿ. ದಿಕ್ಕು ಹೇಳುವ ಬಣ್ಣ ಅಷ್ಟೇ.

ಈ ಜಾಗದ ರಂಧ್ರಕ್ಕೆ ಸೈನಸ್ ವೀನೋಸಸ್ ರಂಧ್ರ ಅಂತಾರೆ. ಮೇಲಿನ ಕೋಣೆಗಳ ನಡುವಿನ ರಂಧ್ರಗಳಲ್ಲಿ ಬಹುಪಾಲು ಗೋಡೆಯ ನಡುಭಾಗದ್ದು. ಇದು ನೂರಕ್ಕೆ ಐದರಿಂದ ಹತ್ತು ಮಾತ್ರ. ನಿಜ ಹೇಳಬೇಕೆಂದರೆ ಇದು ಆ ಗೋಡೆಯಲ್ಲೇ ಇರುವುದಿಲ್ಲ. ಗೋಡೆ ದಾಟಿ ಮೇಲೆ, ಮಹಾಸಿರೆಗೂ ಅದರ ಬೆನ್ನಿಗಿರುವ ಶ್ವಾಸಕೋಶದ ಸಿರೆಗೂ ನಡುವಿನ ತಡೆ ಇಲ್ಲದಿರುವುದೇ ಈ ರಂಧ್ರ. ಹಾಗೆ ನೋಡಿದರೆ ನಾನು ಬರೆದ ‘ಗೋಡೆಯಲ್ಲಿ ರಂಧ್ರ ಇಲ್ಲ’ ಅಕ್ಷರಶಃ ಸರಿ. ಮಗುವಿಗೆ ಅದರಿಂದ ಏನು ಪ್ರಯೋಜನ? ಅವಳ ಹೃದಯದೊಳಗೆ ರಕ್ತ ತಪ್ಪು ದಾರಿಯಲ್ಲಿ ಹೋಗುತ್ತಲೇ ಇತ್ತು.

ಈ ರಂಧ್ರ ಒಂಟಿಯಾಗಿ ಬರುವುದು ಅಪರೂಪ. ಬಲ ಶ್ವಾಸಕೋಶದ ಮೇಲಿನ ಸಿರೆ ಸಾಮಾನ್ಯವಾಗಿ ದಾರಿ ತಪ್ಪಿರುತ್ತದೆ. ಶುದ್ಧ ರಕ್ತವನ್ನು ಎಡಗಡೆಗೆ ತರಬೇಕಾದ ಸಿರೆ ಮಹಾಸಿರೆಗೆ ಬಂದು ಬೀಳುತ್ತದೆ. ಹಾಗಾಗಿ ಸಿರೆಗಳನ್ನು ಒಂದೊಂದಾಗಿ ಎಣಿಸಬೇಕು. ಕತ್ತಿನ ಕೆಳಗಿನ ಗುಳಿಯಿಂದ ನೋಡಿದೆ. ಎಡಗಡೆಯ ಎರಡು ಸರಿಯಾಗಿ ಸೇರುತ್ತಿದ್ದವು. ಬಲಗಡೆ ಕೆಳಗಿನದು ಸರಿ. ಬಲಗಡೆ ಮೇಲಿನದು ಸಿಗಲಿಲ್ಲ. ಪುಟ್ಟಿಯನ್ನು ಬಲ ಮಗ್ಗುಲಿಗೆ ಮಲಗಿಸಿ, ಎದೆಮೂಳೆಯ ಬಲಗಡೆ ಪ್ರೋಬ್ ಇಟ್ಟೆ. ಮಹಾಸಿರೆ ಉದ್ದಕ್ಕೆ ತೆರೆದುಕೊಂಡಿತು. ಅದರ ಪಕ್ಕದಿಂದ, ರಂಧ್ರಕ್ಕಿಂತ ಸ್ವಲ್ಪ ಮೇಲೆ, ಒಂದು ಸಿರೆ ಬಂದು ಕೂಡುತ್ತಿತ್ತು. ಸಿಕ್ಕಿತು.

ಲೆಕ್ಕ

ರಂಧ್ರ ಇದೆ ಅಂದರೆ ಸಾಲದು, ಎಷ್ಟು ರಕ್ತ ತಪ್ಪು ದಾರಿಗೆ ಹೋಗುತ್ತಿದೆ ಅಂತ ಗೊತ್ತಾಗಬೇಕು. ಶ್ವಾಸಕೋಶಕ್ಕೆ ಹೋಗುವ ಕೊಳವೆಯ ಅಡ್ಡಳತೆ 17 ಮಿ.ಮೀ., ಒಂದು ಬಡಿತಕ್ಕೆ ರಕ್ತ ಅದರಲ್ಲಿ ಓಡುವ ದೂರ 22 ಸೆಂ.ಮೀ. ಮೈಗೆ ಹೋಗುವ ಮಹಾಧಮನಿಯ ಬಾಯಿ 12 ಮಿ.ಮೀ., ದೂರ 19 ಸೆಂ.ಮೀ. ಅಡ್ಡಳತೆಯ ವರ್ಗವನ್ನು ದೂರದಿಂದ ಗುಣಿಸಿ ಎರಡನ್ನೂ ಹೋಲಿಸಿದರೆ 2.3 ಬರುತ್ತದೆ. ಅಂದರೆ ಮೈಗೆ ಒಂದು ಲೀಟರ್ ಹೋದರೆ ಶ್ವಾಸಕೋಶಕ್ಕೆ 2.3 ಲೀಟರ್. 1.5 ದಾಟಿದರೆ, ಬಲಭಾಗ ಹಿಗ್ಗಿದ್ದರೆ, ಮುಚ್ಚುವ ಮಾತು ಶುರುವಾಗುತ್ತದೆ.

ಈ ಸಂಖ್ಯೆಯನ್ನು ನಾನು ಕಣ್ಣು ಮುಚ್ಚಿ ನಂಬುವುದಿಲ್ಲ. ಮಹಾಧಮನಿಯ ಬಾಯನ್ನು 12 ಬದಲು 13 ಮಿ.ಮೀ. ಅಂತ ಅಳೆದಿದ್ದರೆ ಅದೇ ಲೆಕ್ಕ 2ಕ್ಕಿಂತ ಕೆಳಗೆ ಇಳಿಯುತ್ತಿತ್ತು. ಒಂದು ಮಿಲಿಮೀಟರ್! ಅಡ್ಡಳತೆ ವರ್ಗವಾಗುವುದರಿಂದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಪುಟ್ಟ ಹೃದಯಗಳಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಮೂರು ಸಲ ಅಳೆದೆ. ಅದಕ್ಕಿಂತ ಮುಖ್ಯವಾಗಿ ಹೃದಯವೇ ಏನು ಹೇಳುತ್ತಿದೆ ಅಂತ ನೋಡಿದೆ. ಬಲ ಕೆಳಕೋಣೆ ಅವಳ ಮೈಯ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ತುಂಬಾ ದೊಡ್ಡದಿತ್ತು. ಎರಡು ಕೆಳಕೋಣೆಗಳ ನಡುವಿನ ಗೋಡೆ ಹೃದಯ ಸಡಿಲವಾದಾಗ ಚಪ್ಪಟೆಯಾಗುತ್ತಿತ್ತು. ಬಲಗಡೆ ಜಾಸ್ತಿ ರಕ್ತ ತುಂಬಿ ಗೋಡೆಯನ್ನು ಎಡಕ್ಕೆ ತಳ್ಳುತ್ತಿದೆ ಅಂತ ಅರ್ಥ. ಬಲಗಡೆಯ ಕವಾಟದಲ್ಲಿ ಸ್ವಲ್ಪ ಸೋರಿಕೆ, ವೇಗ ಸೆಕೆಂಡಿಗೆ 2.7 ಮೀಟರ್. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ ಪಾದರಸದ ಮಿ.ಮೀ. ಲೆಕ್ಕದಲ್ಲಿ ಸಿಗುತ್ತದೆ: 29. ಮೇಲಿನ ಕೋಣೆಯ ಒತ್ತಡ 5 ಅಂತ ಸೇರಿಸಿದರೆ ಶ್ವಾಸಕೋಶದ ಕಡೆಯ ಒತ್ತಡ 34. ಸ್ವಲ್ಪ ಏರಿದೆ, ಕೈ ಮೀರಿಲ್ಲ. ನನಗೆ ಆ ಬೆಳಗ್ಗೆ ಸಮಾಧಾನ ಕೊಟ್ಟ ಒಂದೇ ಸಂಖ್ಯೆ ಅದು. ಶ್ವಾಸಕೋಶದ ರಕ್ತನಾಳಗಳು ಇನ್ನೂ ಮೆತ್ತಗಿದ್ದವು. ತಡ ಆಗಿತ್ತು, ತುಂಬಾ ತಡ ಆಗಿರಲಿಲ್ಲ.

ಅಪ್ಪನ ಪ್ರಶ್ನೆ

"ಆವತ್ತು ಇಲ್ಲ ಅಂದ್ರಲ್ಲ ಮೇಡಂ?"

ಕೋಪದಿಂದ ಕೇಳಿದ್ದಲ್ಲ. ಅರ್ಥವಾಗದೆ ಕೇಳಿದ್ದು. ಆ ದಿನ ವರದಿ ಹಿಡಿದುಕೊಂಡು ಹೋಗಿ ಅವರು ಹರಕೆ ತೀರಿಸಿದ್ದರು. ನೆಂಟರಿಗೆಲ್ಲ ಹೇಳಿದ್ದರು. ನಾನು ಹಳೆಯ ವರದಿಯನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. "ಆವತ್ತು ಹೊಟ್ಟೆಯ ಕಡೆಯಿಂದ ನೋಡೋಕೆ ಆಗಲಿಲ್ಲ. ನೋಡದ ಜಾಗದ ಬಗ್ಗೆ ‘ಇಲ್ಲ’ ಅಂತ ಬರೆದೆ. ‘ಕಾಣಲಿಲ್ಲ, ಇನ್ನೊಂದು ಸಲ ನೋಡಬೇಕು’ ಅಂತ ಬರೆಯಬೇಕಿತ್ತು. ತಪ್ಪು ನನ್ನದು" ಅಂದೆ.

ಅಪ್ಪ ಸುಮ್ಮನಾದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ, "ಇರೋದ ಇಲ್ಲ ಅಂದ್ರೆ ನಾವು ಎಲ್ಲಿಗವ್ವ ಹೋಗನ? ಈಗ್ಲಾದ್ರೂ ಸಿಕ್ತಲ್ಲ, ಮುಂದಿಂದ ಹೇಳು" ಅಂದರು. ಆ ಮೊದಲ ಮಾತು ಇವತ್ತಿಗೂ ಕಿವಿಯಲ್ಲಿದೆ.

ಬಿಳಿ ಹಾಳೆಯ ಮೇಲೆ ಹೃದಯ ಬರೆದು ವಿವರಿಸಲು ಹೊರಟೆ. ಶ್ವಾಸಕೋಶದಿಂದ ಬಂದ ಶುದ್ಧ ರಕ್ತ ಮೈಗೆ ಹೋಗಬೇಕು, ಅದರ ಬದಲು ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿದೆ ಅಂದೆ. ಅಪ್ಪ ಸ್ವಲ್ಪ ಯೋಚಿಸಿ, "ಅಂದ್ರೆ ಪಂಪು ಎತ್ತಿದ್ ನೀರು ಪೈಪ್ ಒಡ್ದು ತಿರ್ಗ ಬಾವಿಗೇ ಬೀಳ್ತಾ ಐತೆ. ಮೋಟ್ರು ಓಡ್ತಾನೇ ಐತೆ, ಗದ್ದೆಗೆ ನೀರಿಲ್ಲ" ಅಂದರು. ನಾನು ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾರಿಗೂ ಹೇಳಿಲ್ಲ. ಈಗ ಎಲ್ಲರಿಗೂ ಅವರ ಮಾತಲ್ಲೇ ಹೇಳುತ್ತೇನೆ. ಮೋಟಾರು ಬಿಸಿಯಾಗುವುದು, ಮಗು ಬೇಗ ಕೂತುಬಿಡುವುದು, ತೂಕ ಏರದಿರುವುದು, ಶ್ವಾಸಕೋಶದಲ್ಲಿ ಯಾವಾಗಲೂ ಜಾಸ್ತಿ ರಕ್ತ ಇದ್ದು ಪದೇ ಪದೇ ಸೋಂಕು ಆಗುವುದು, ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತದೆ.

ಅವರದೇ ಊರಿನ ಪಕ್ಕದಲ್ಲಿ ಒಬ್ಬ ಹುಡುಗನಿಗೆ ತೊಡೆಯಿಂದ ತಂತಿ ಹಾಕಿ ‘ಕೊಡೆ’ ಇಟ್ಟು ರಂಧ್ರ ಮುಚ್ಚಿದ್ದರಂತೆ. ನಮ್ಮ ಪುಟ್ಟಿಗೂ ಹಾಗೇ ಮಾಡಿ, ಎದೆ ಕುಯ್ಯಬೇಡಿ ಅಂತ ಅಮ್ಮ ಕೇಳಿಕೊಂಡರು. ಆ ಹುಡುಗನ ರಂಧ್ರ ಗೋಡೆಯ ನಡುವೆ ಇತ್ತು. ಸುತ್ತಲೂ ಅಂಚು ಇರುವುದರಿಂದ ಕೊಡೆ ಹಿಡಿದುಕೊಳ್ಳುತ್ತದೆ. ಪುಟ್ಟಿಯ ರಂಧ್ರಕ್ಕೆ ಮೇಲ್ಗಡೆ ಅಂಚೇ ಇಲ್ಲ. ಇದ್ದರೂ, ದಾರಿ ತಪ್ಪಿದ ಸಿರೆಯನ್ನು ಕೊಡೆ ಸರಿ ಮಾಡಲಾರದು. ನಡುಗೋಡೆಯ ಸಣ್ಣ ರಂಧ್ರಗಳು ಎಷ್ಟೋ ಮಕ್ಕಳಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ಇದು ಮುಚ್ಚಿಕೊಳ್ಳುವ ಜಾತಿಯದಲ್ಲ. ಹಾಗೇ ಬಿಟ್ಟರೆ ದೊಡ್ಡವಳಾದ ಮೇಲೆ ಬಡಿತ ಅಡ್ಡಾದಿಡ್ಡಿ ಆಗಬಹುದು, ಶ್ವಾಸಕೋಶದ ಒತ್ತಡ ಏರಿ ಆಮೇಲೆ ಮುಚ್ಚಲೂ ಆಗದ ಸ್ಥಿತಿ ಬರಬಹುದು. ಇದನ್ನು ಹೇಳುವಾಗ ಅಮ್ಮನ ಕೈ ಹಿಡಿದುಕೊಂಡಿದ್ದೆ.

ಸಿಟಿ ಸ್ಕ್ಯಾನ್ ಮಾಡಿಸಿದೆವು. ಅದರಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಬಲ ಶ್ವಾಸಕೋಶದ ನಡುಭಾಗದ ಸಣ್ಣ ಸಿರೆಯೂ ಮಹಾಸಿರೆಗೇ ಸೇರುತ್ತಿತ್ತು. ಎರಡನೇ ಎಕೋದಲ್ಲೂ ಅದು ನನಗೆ ಕಂಡಿರಲಿಲ್ಲ. ಆದರೆ ಈ ಸಲ ನನ್ನ ವರದಿಯಲ್ಲಿ ‘ಬಲ ಮೇಲಿನ ಒಂದು ಸಿರೆ ಕಂಡಿದೆ, ಇನ್ನೂ ಇರಬಹುದು, ಸಿಟಿ ಬೇಕು’ ಅಂತ ಇತ್ತು. ಆ ಒಂದು ಸಾಲಿನಿಂದಲೇ ಸಿಟಿ ಆಯಿತು.

1953

ಎಕೋ ಹುಟ್ಟಿದ ಕಥೆ ನನಗೆ ಯಾವಾಗಲೂ ಇಷ್ಟ. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಅನ್ನುವ ಹೃದಯ ವೈದ್ಯರು, ಹೆಲ್ಮುತ್ ಹರ್ಟ್ಸ್ ಅನ್ನುವ ಭೌತವಿಜ್ಞಾನಿ. ಲೋಹದೊಳಗಿನ ಬಿರುಕು ಹುಡುಕಲು ಬಳಸುತ್ತಿದ್ದ ಸೀಮೆನ್ಸ್ ಯಂತ್ರವನ್ನು ಎರವಲು ತಂದು, 1953ರ ಅಕ್ಟೋಬರ್ 29ರಂದು ಹೃದಯದ ಚಲನೆಯನ್ನು ದಾಖಲಿಸಿದರು. ಅದೇ ವರ್ಷ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ತಾವು ಕಟ್ಟಿದ ಹೃದಯ-ಶ್ವಾಸಕೋಶ ಯಂತ್ರಕ್ಕೆ 18 ವರ್ಷದ ಹುಡುಗಿಯೊಬ್ಬಳನ್ನು ಜೋಡಿಸಿ, ಅವಳ ಮೇಲಿನ ಕೋಣೆಗಳ ನಡುವಿನ ರಂಧ್ರ ಮುಚ್ಚಿದ್ದರು. ನೋಡುವ ಯಂತ್ರ, ಮುಚ್ಚುವ ಯಂತ್ರ, ಎರಡೂ ಒಂದೇ ವರ್ಷ, ಸಮುದ್ರದ ಆಚೆ ಈಚೆ. ಎದೆ ತೆರೆದ ಮೇಲೆ ಒಳಗೆ ಏನಿದೆ ಅಂತ ಗೊತ್ತಾಗುತ್ತಿದ್ದ ಕಾಲ ಅದು. ಪುಟ್ಟಿಯ ಸರ್ಜನ್‌ಗೆ ಎದೆ ತೆರೆಯುವ ಮೊದಲೇ ಸಿರೆಗಳ ಲೆಕ್ಕ ಕೈಯಲ್ಲಿತ್ತು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಯಿತು. ವಾರ್ಡನ್ ಅನ್ನುವ ಸರ್ಜನ್ ಮತ್ತು ಜೊತೆಗಾರರು 1984ರಲ್ಲಿ ಬರೆದ ವಿಧಾನ. ದಾರಿ ತಪ್ಪಿದ ಸಿರೆಗಳು ಸೇರುವ ಜಾಗಕ್ಕಿಂತ ಮೇಲೆ ಮಹಾಸಿರೆಯನ್ನು ಕತ್ತರಿಸುತ್ತಾರೆ. ಮೇಲಿನ ತುಂಡನ್ನು ಬಲ ಮೇಲಿನ ಕೋಣೆಯ ಕಿವಿಯಂಥ ಭಾಗಕ್ಕೆ ಹೊಲಿಯುತ್ತಾರೆ. ಕೆಳಗಿನ ತುಂಡಿನ ಬಾಯಿ ಮುಚ್ಚುತ್ತಾರೆ. ಈಗ ಆ ತುಂಡಿಗೆ ಬರುವುದು ಶ್ವಾಸಕೋಶದ ರಕ್ತ ಮಾತ್ರ. ಒಳಗಿನಿಂದ ತೇಪೆ ಹಾಕಿ ಅದನ್ನು ರಂಧ್ರದ ಮೂಲಕವೇ ಎಡಗಡೆಗೆ ತಿರುಗಿಸುತ್ತಾರೆ. ತಪ್ಪು ದಾರಿಯಾಗಿದ್ದ ರಂಧ್ರವೇ ಸರಿ ದಾರಿಯ ಬಾಗಿಲಾಗುತ್ತದೆ. ಬಡಿತ ಹುಟ್ಟುವ ಜಾಗದ ಹತ್ತಿರ ಹೊಲಿಗೆ ಕಡಿಮೆ ಬೀಳುತ್ತದೆ ಅನ್ನುವುದು ಇದರ ಲಾಭ.

ಆಮೇಲೆ

ಶಸ್ತ್ರಚಿಕಿತ್ಸೆ ಆದ ಮೇಲಿನ ಎಕೋದಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ರಂಧ್ರ ಉಳಿದಿದೆಯಾ? ಹೊಸ ಜೋಡಣೆಯಲ್ಲಿ ಮಹಾಸಿರೆ ಕಿರಿದಾಗಿದೆಯಾ? ಶ್ವಾಸಕೋಶದ ಸಿರೆಯ ದಾರಿ ಬಿಗಿಯಾಗಿದೆಯಾ? ಹೃದಯದ ಸುತ್ತ ನೀರು ಕೂಡಿದೆಯಾ? ಐದನೇ ದಿನ ಎಲ್ಲದಕ್ಕೂ ಒಳ್ಳೆಯ ಉತ್ತರ ಸಿಕ್ಕಿತು. ಮನೆಗೆ ಹೋದಳು.

ಹದಿನಾಲ್ಕನೇ ದಿನ ಅಪ್ಪ ಫೋನ್ ಮಾಡಿದರು. ಸಣ್ಣ ಜ್ವರ, ಎರಡು ಸಲ ವಾಂತಿ, ಮಂಕಾಗಿದ್ದಾಳೆ. ಊಟ ಹೆಚ್ಚು ಕಡಿಮೆ ಆಗಿರಬೇಕು ಅಂತ ಅವರ ಎಣಿಕೆ. ಕೂಡಲೇ ಕರೆದುಕೊಂಡು ಬನ್ನಿ ಅಂದೆ. ಮೇಲಿನ ಗೋಡೆಯ ರಂಧ್ರ ಮುಚ್ಚಿಸಿಕೊಂಡ ಮಕ್ಕಳಲ್ಲಿ ಮೊದಲ ಕೆಲವು ವಾರಗಳಲ್ಲಿ ಹೃದಯದ ಹೊರಪೊರೆ ಊದಿಕೊಂಡು ನೀರು ಕೂಡುವುದುಂಟು. ಚಿಕ್ಕ ಮಕ್ಕಳು ಎದೆನೋವು ಅಂತ ಹೇಳುವುದಿಲ್ಲ, ವಾಂತಿ ಮಾಡುತ್ತಾರೆ. ಎಕೋದಲ್ಲಿ 8 ಮಿ.ಮೀ. ನೀರು ಕಂಡಿತು. ಹೃದಯವನ್ನು ಅದು ಒತ್ತುತ್ತಿರಲಿಲ್ಲ. ಊತ ಇಳಿಸುವ ಔಷಧಿ ಕೊಟ್ಟು, ಎರಡು ದಿನಕ್ಕೊಮ್ಮೆ ನೋಡಿದೆವು. ಎರಡು ವಾರದಲ್ಲಿ ಇಂಗಿತು. ಇಂಥ ಆಪರೇಷನ್ ಆದ ಮಗು ಮನೆಯಲ್ಲಿದ್ದರೆ ಇದೊಂದನ್ನು ನೆನಪಿಡಿ: ಜ್ವರ, ವಾಂತಿ, ಮಂಕು ಕಂಡರೆ ಅಂಗಡಿ ಮಾತ್ರೆ ಕೊಟ್ಟು ಕಾಯಬೇಡಿ.

ಮೂರು ತಿಂಗಳಿಗೆ ಬಲ ಕೆಳಕೋಣೆ ಕುಗ್ಗತೊಡಗಿತ್ತು. ತೂಕ 15 ಕೆ.ಜಿ. ದಾಟಿತ್ತು.

ನಮ್ಮ ಕೋಣೆಯಲ್ಲೂ ಕೆಲವು ಬದಲಾವಣೆ ಆಯಿತು. ಬಲಭಾಗ ದೊಡ್ಡದಿದ್ದು ಕಾರಣ ಸಿಗದ ಮಗುವನ್ನು ‘ಒಂದು ವರ್ಷ ಬಿಟ್ಟು ಬನ್ನಿ’ ಅಂತ ಕಳಿಸುವುದಿಲ್ಲ, ಅದೇ ವಾರ ಬೆಳಗ್ಗೆ ಮತ್ತೆ ಕರೆಸುತ್ತೇವೆ. ಶ್ವಾಸಕೋಶದ ಸಿರೆ ಎಷ್ಟು ಕಂಡವು ಅಂತ ವರದಿಯಲ್ಲಿ ಎಣಿಸಿ ಬರೆಯುತ್ತೇವೆ. ಯಾವ ಕಿಟಕಿಯಿಂದ ನೋಡಲಾಗಲಿಲ್ಲ ಅನ್ನುವುದಕ್ಕೂ ಈಗ ವರದಿಯಲ್ಲಿ ಒಂದು ಸಾಲು ಇದೆ. ಅದು ಖಾಲಿ ಇದ್ದರೆ ನಾನು ಸಹಿ ಹಾಕುವುದಿಲ್ಲ. ಜೆಲ್ ಬಾಟಲಿ ಯಾವಾಗಲೂ ಬೆಚ್ಚಗಿರುತ್ತದೆ.

ಒಂದು ವರ್ಷದ ತಪಾಸಣೆಗೆ ಪುಟ್ಟಿ ತಾನೇ ಮಂಚ ಹತ್ತಿ, ತಾನೇ ಮಂಡಿ ಮಡಚಿ ಮಲಗಿದಳು. ಪರದೆ ನೋಡುತ್ತಾ, "ಕೆಂಪು ಈ ಕಡೆ ಬರೋದು, ನೀಲಿ ಆ ಕಡೆ ಹೋಗೋದು" ಅಂತ ಅಜ್ಜಿಗೆ ಪಾಠ ಹೇಳಿದಳು. ಹೊಟ್ಟೆಯ ಕಡೆಯಿಂದ, ಎದೆಯ ಎಡದಿಂದ, ಬಲದಿಂದ, ಕತ್ತಿನ ಗುಳಿಯಿಂದ ನೋಡಿದೆ. ಮಹಾಸಿರೆ ಸಲೀಸಾಗಿ ಹರಿಯುತ್ತಿತ್ತು. ಶ್ವಾಸಕೋಶದ ಸಿರೆಗಳ ಹೊಸ ದಾರಿ ತೆರೆದಿತ್ತು. ತೇಪೆಯ ಅಂಚಿನುದ್ದಕ್ಕೂ ಬಣ್ಣದ ಮಿತಿ ಇಳಿಸಿ ನಿಧಾನವಾಗಿ ಹೋದೆ.

ಅಜ್ಜಿ ಪಕ್ಕದಲ್ಲೇ ನಿಂತಿದ್ದರು. "ಈಗೇನಂತ ಬರಿತೀಯವ್ವ? ಇಲ್ಲ ಅಂತಲೋ, ಕಾಣ್ಲಿಲ್ಲ ಅಂತಲೋ?"

"ಎಲ್ಲಾ ಕಡೆಯಿಂದ ನೋಡಿದೆ ಅಜ್ಜಿ. ಇಲ್ಲ."